ಒಂಬತ್ತನೇ ತಾರೀಕು ಭಾನುವಾರ ಬಂದ್ರೆ ಏನ್ ಮಾಡ್ತೀರ ಸಾರ್?

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಆರೋಗ್ಯ ವಿಭಾಗದ ದೊಡ್ಡ ಆಫೀಸರ್‌ಗಳಿಗೆ, ಜೊತೆಗೆ ಕಾರ್ಮಿಕ ಇಲಾಖೆಯವರಿಗೂ, ನಮಸ್ಕಾರ. ಫ್ಯಾಕ್ಟರಿಗೆ ಹೋಗೋ ಬಸುರಿಯರಿಗೆ ಸಿಗದೇ ಹೋಗೋ ತಿಂಗಳ ಚೆಕಪ್ ಬಗ್ಗೆ ಈ ಪತ್ರ.

ಮೊದಲೇ ಹೇಳ್ಬಿಡ್ತೀನಿ, ಈ ಪತ್ರ ಯಾರ ಹೆಸರಿಗೆ ಬರೀಬೇಕು ಅಂತಾನೇ ಸರಿಯಾಗಿ ಗೊತ್ತಾಗ್ಲಿಲ್ಲ. ಮುಂಚೆ ಆಗಿದ್ರೆ ಬಿಬಿಎಂಪಿ ಅಂತ ಬರೆದು ಮುಗಿಸ್ತಿದ್ದೆ, ಈಗ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿದೆ, ನಾವಿರೋದು ಯಾವುದಕ್ಕೆ ಸೇರುತ್ತೆ ಅಂತ ನಮ್ಮ ವಠಾರದಲ್ಲಿ ಕೇಳಿದ್ರೆ ಮೂರು ಜನ ಮೂರು ಹೆಸರು ಹೇಳ್ತಾರೆ. ಅದಕ್ಕೆ ಎಲ್ಲರಿಗೂ ಸೇರಿಸಿ ಒಂದೇ ಪತ್ರ. ಯಾರಿಗೆ ಸಂಬಂಧಪಟ್ಟಿದ್ದೋ ಅವರು ಓದ್ಕೊಳ್ಳಿ, ಸಂಬಂಧ ಇಲ್ಲದವರು ಪಕ್ಕದ ಟೇಬಲ್ಲಿಗೆ ದಾಟಿಸಿ, ಅದು ನಿಮಗೆ ಅಭ್ಯಾಸ ಇದ್ದೇ ಇರುತ್ತೆ.

ನಾನು ಪೀಣ್ಯ ಕಡೆಯವಳು. ಗಾರ್ಮೆಂಟ್ಸಲ್ಲಿ 14 ವರ್ಷ ಟೈಲರ್ ಆಗಿದ್ದೆ, ಸೊಂಟ ಕೈ ಕೊಟ್ಟ ಮೇಲೆ ಬಿಟ್ಟು ಈಗ ಮನೇಲೇ ಬ್ಲೌಸ್ ಹೊಲ್ಕೊಂಡು, ಸೀರೆಗೆ ಫಾಲ್ಸ್ ಹಾಕ್ಕೊಂಡು ಇದೀನಿ. ನಮ್ಮ ವಠಾರದಲ್ಲಿ ಹನ್ನೊಂದು ಮನೆ, ಅದ್ರಲ್ಲಿ ಏಳು ಮನೇಲಿ ಹೆಂಗಸ್ರು ಫ್ಯಾಕ್ಟರಿಗೆ ಹೋಗ್ತಾರೆ. ಬೆಳಗ್ಗೆ ಎಂಟೂಕಾಲಿಗೆ ಎಲ್ಲಾ ಬಾಗಿಲಿಗೂ ಬೀಗ ಬಿದ್ರೆ ಮತ್ತೆ ತೆಗೆಯೋದು ಸಂಜೆ ಆರೂವರೆಗೆ. ಈ ಟೈಮಿಂಗ್ ಸ್ವಲ್ಪ ಮನಸ್ಸಲ್ಲಿ ಇಟ್ಕೊಳ್ಳಿ.

ಪಕ್ಕದ ಮನೆ ಹುಡುಗಿ ಯಾದಗಿರಿ ಕಡೆಯವಳು. ಹೆಸರು ಬೇಡ. ಇಪ್ಪತ್ತೆರಡು ವರ್ಷ, ಗಂಡ ಗಾರೆ ಕೆಲಸ, ಅವಳು ಶರ್ಟ್ ಕಾಲರ್ ಕೂಡಿಸೋ ಲೈನಲ್ಲಿ. ಹೋದ ವರ್ಷ ಜುಲೈಲಿ ಮೆಡಿಕಲ್ ಶಾಪಿಂದ ಕಿಟ್ ತಂದು ನೋಡಿ ಎರಡು ಗೆರೆ ಬಂತು ಅಂತ ಮೊದಲು ಬಂದು ಹೇಳಿದ್ದೇ ನನಗೆ. ಮೂರು ತಿಂಗಳು ತುಂಬೋದ್ರೊಳಗೆ ಸರ್ಕಾರಿ ಆಸ್ಪತ್ರೇಲಿ ಹೆಸರು ಬರೆಸಿ, ಬಸುರಿ ಚೆಕಪ್ ಎಲ್ಲಾ ಬರೆದಿಡೋ ತಾಯಿ ಕಾರ್ಡ್ ಮಾಡಿಸ್ಕೋ ಅಂತ ಅವತ್ತೇ ಹೇಳಿದ್ದೆ. ಮಾಡಿಸಿದ್ದು ಯಾವಾಗ ಗೊತ್ತಾ, ಸೆಪ್ಟೆಂಬರ್ 9ಕ್ಕೆ, ನಾಲ್ಕು ತಿಂಗಳು ಹತ್ರ ಬಂದಾಗ. ಸೋಮಾರಿತನ ಅಂದ್ಕೋಬೇಡಿ. ಒಂದಿನ ರಜೆ ಹಾಕಿದ್ರೆ ಆ ದಿನದ ಸಂಬಳ ಹೋಗುತ್ತೆ, ಜೊತೆಗೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ, ಬೋನಸ್ ಹೋದ್ರೆ ಆ ತಿಂಗಳ ಸಿಲಿಂಡರ್ ಹೋಯ್ತು ಅಂತಾನೇ ಲೆಕ್ಕ. ಗಣೇಶನ ಹಬ್ಬ ಮುಗೀಲಿ ಅಂತ ತಳ್ಕೊಂಡು ಬಂದ್ಲು.

ಅವತ್ತು ರಕ್ತ ಟೆಸ್ಟ್ ಮಾಡಿದ್ರು, ಹಿಮೋಗ್ಲೋಬಿನ್ 9.1. ಬಸುರಿಗೆ 11 ಇರ್ಬೇಕು. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎಲ್ಲಾ ಕೊಟ್ರು, ಒಂದು ಪೈಸೆ ತಗೊಳ್ಳಲಿಲ್ಲ, ಡಾಕ್ಟ್ರಮ್ಮನೂ ಪ್ರೀತಿಯಿಂದಾನೇ ಮಾತಾಡಿದ್ರಂತೆ. ಪ್ರತಿ ತಿಂಗಳು 9ನೇ ತಾರೀಕು ಬಾಮ್ಮ, ಅವತ್ತು ದೊಡ್ಡ ಡಾಕ್ಟ್ರು ನೋಡ್ತಾರೆ ಅಂದ್ರು. ಅದು ಒಳ್ಳೇ ಸ್ಕೀಮೇ, ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ, 2016ರಿಂದ ಇಡೀ ದೇಶದಲ್ಲಿ ನಡೀತಿದೆ, ಸ್ಕೀಮ್ ಮೇಲೆ ನಂಗೇನೂ ತಕರಾರಿಲ್ಲ. ತಕರಾರು ತಾರೀಕಿನ ಮೇಲೆ.

ಅಕ್ಟೋಬರ್ 9 ಗುರುವಾರ. ದಸರಾಗೆ ಊರಿಗೆ ಹೋಗಿ ಬಂದು ರಜೆ ಎಲ್ಲಾ ಖಾಲಿ ಆಗಿತ್ತು, ಮೇಲಾಗಿ ಅವತ್ತು ಶಿಪ್‌ಮೆಂಟ್, ಸೂಪರ್‌ವೈಸರ್ ಬಿಡಲಿಲ್ಲ. ಸರಿ, ಮುಂದಿನ ತಿಂಗಳು ಕ್ಯಾಲೆಂಡರ್ ನೋಡಿದ್ವಿ, ನವೆಂಬರ್ 9 ಭಾನುವಾರ! ನಂಗೆ ಅವಳಿಗಿಂತ ಜಾಸ್ತಿ ಖುಷಿ ಆಯ್ತು, ಅಡ್ಜಸ್ಟ್ ಮಾಡೋಕೆ ದೇವರೇ ಮನಸ್ಸು ಮಾಡಿದಾನೆ ಅಂತ. ಆರು ತಿಂಗಳು ಹತ್ರ, ಗ್ಲೂಕೋಸ್ ನೀರು ಕುಡಿಸಿ ಶುಗರ್ ನೋಡ್ಬೇಕಾಗಿರೋ ಟೈಮೂ ಅದೇ. ಅವಳು ತಲೆ ಸ್ನಾನ ಮಾಡಿ, ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು, ಬೆಳಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಹೋಗಿ ನಿಂತ್ವಿ. ಗೇಟಿಗೆ ಬೀಗ. ಒಳಗೆ ವಾಚ್‌ಮನ್ ತಾತ ಬಟ್ಟೆ ಒಗೀತಿದ್ದ. ಭಾನುವಾರ ಬಂದ್ರೆ ಮಾರನೇ ದಿನ ಕಣಮ್ಮ, ನಾಳೆ ಬನ್ನಿ ಅಂದ.

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡ್ಲು. "ಅಕ್ಕಾ, ನಾಳಿ ಸೋಮಾರ ಅದ, ನಾ ಹ್ಯಾಂಗ ಬರ್ಲಿ" ಅಂದ್ಲು.

ಆಮೇಲೆ ವಿಚಾರಿಸಿದೆ, ಆ ತಾತನ ತಪ್ಪಲ್ಲ, ನಮ್ಮ ಆಸ್ಪತ್ರೆಯವರ ತಪ್ಪೂ ಅಲ್ಲ. ರೂಲೇ ಹಾಗಿದೆಯಂತೆ, 9ನೇ ತಾರೀಕು ಭಾನುವಾರನೋ ಸರ್ಕಾರಿ ರಜೆನೋ ಬಂದ್ರೆ ಮುಂದಿನ ಕೆಲಸದ ದಿನಕ್ಕೆ ಅಂತ. ಅಂದ್ರೆ ವರ್ಷದಲ್ಲಿ ದುಡಿಯೋ ಹೆಂಗಸಿಗೆ ಪುರುಸೊತ್ತು ಇರೋ 9ನೇ ತಾರೀಕು ಒಂದೋ ಎರಡೋ, ಹೆಚ್ಚಂದ್ರೆ ಮೂರೋ ಬರುತ್ತೆ, ಅದನ್ನೂ ಹುಡುಕಿ ಹುಡುಕಿ ಸೋಮವಾರಕ್ಕೆ ಎತ್ತಿಡ್ತೀವಿ! ಇದನ್ನ ಬರೆದವರಿಗೆ ಕೆಟ್ಟ ಮನಸ್ಸಿರಲಿಲ್ಲ, ನಂಗೊತ್ತು. ಅವರ ತಲೇಲಿ ಬಸುರಿ ಅಂದ್ರೆ ಮನೇಲಿರೋಳು, ಅತ್ತೆ ಜೊತೆ ಹನ್ನೊಂದು ಗಂಟೆಗೆ ನಿಧಾನಕ್ಕೆ ಆಸ್ಪತ್ರೆಗೆ ಬರೋಳು ಅಂತ ಇತ್ತು ಅಷ್ಟೇ.

ಬರೀ ಅದೊಂದೇ ಅಂದ್ರೆ ಈ ಪತ್ರ ಬರೀತಿರಲಿಲ್ಲ. ಬಸುರಿಗೆ ಅಂತ ಸರ್ಕಾರ ಕೊಡೋದೆಲ್ಲಾ ಅದೇ ಟೈಮಲ್ಲೇ ಸಿಗೋದು. ನಮ್ಮ ಕ್ಲಿನಿಕ್ ನಾಲ್ಕೂವರೆಗೆ ಮುಗೀತು. ಅಂಗನವಾಡಿಲಿ ಮಾತೃಪೂರ್ಣದ ಊಟ, 2017ರ ಅಕ್ಟೋಬರ್ 2ಕ್ಕೆ ಶುರುವಾಗಿದ್ದು, ಅನ್ನ ಸಾರು ಪಲ್ಯ ಮೊಟ್ಟೆ ಹಾಲು ಚಿಕ್ಕಿ, ಕೇಳೋಕೆ ಚೆನ್ನಾಗಿದೆ, ಆದ್ರೆ ಮಧ್ಯಾಹ್ನ ಅಲ್ಲೇ ಬಂದು ಕೂತು ಉಣ್ಬೇಕು, ಆ ಹೊತ್ತಿಗೆ ನಮ್ಮವಳು ಕ್ಯಾಂಟೀನಲ್ಲಿ ಬೆಳಗ್ಗೆ ಕಟ್ಕೊಂಡು ಹೋದ ತಣ್ಣನೆ ಚಿತ್ರಾನ್ನ ಬಾಯಿಗೆ ಹಾಕ್ಕೊಂಡು ಅರ್ಧ ಗಂಟೇಲಿ ಮಿಷಿನ್ ಮುಂದೆ ಇರ್ಬೇಕು. ಆಶಾ ಕಾರ್ಯಕರ್ತೆ ಬರೋದು ಹನ್ನೊಂದಕ್ಕೆ, ಮನೆಗೆ ಬೀಗ. ಪಾಪ ಅವಳು ಬೀಗಕ್ಕೆ ಏನ್ ಬಿಪಿ ನೋಡ್ತಾಳೆ. ಕಾರ್ಮಿಕರ ವಿಮೆ ಇಎಸ್‌ಐಗೆ ಅಂತ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಪ್ರತಿ ತಿಂಗಳೂ ಹಿಡೀತಾರೆ, ಅಲ್ಲಿಗೆ ಹೋಗೋಕೂ ಕೆಲಸದ ದಿನಾನೇ ಬೇಕು. ಶಕ್ತಿ ಸ್ಕೀಮಿಂದ ಬಸ್ ಟಿಕೆಟ್ ಉಳೀತು, ಅದಕ್ಕೆ ಕೈ ಮುಗೀತೀವಿ, ಆದ್ರೆ ಫ್ರೀ ಬಸ್ಸಲ್ಲಿ ಹೋಗೋಕೂ ಟೈಮ್ ಬೇಕಲ್ಲ.

ಮಾತ್ರೆ ವಿಷಯ ಹೇಳ್ಲೇಬೇಕು. ಒಟ್ಟು 180 ಐರನ್ ಮಾತ್ರೆ ನುಂಗ್ಬೇಕು ಬಸುರಿ, ದಿನಕ್ಕೊಂದು. 2019ರಿಂದ 21ರ ತನಕ ಕೇಂದ್ರ ಸರ್ಕಾರ ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇಡೀ ದೇಶದಲ್ಲಿ ಅಷ್ಟೂ ದಿನ ನುಂಗಿದ ತಾಯಂದಿರು ನೂರಕ್ಕೆ 26. ಮಿಕ್ಕವರೆಲ್ಲಾ ಹಂಚಿನ ಮೇಲೆ ಎಸೆದ್ರಾ? ನಮ್ಮವಳ ಮಾತ್ರೆ ಎಲ್ಲಿ ಹೋಯ್ತು ಅಂತ ಹೇಳ್ತೀನಿ ಕೇಳಿ. ಮೊದಲನೇ ವಾರ ನುಂಗಿದ್ಲು, ವಾಂತಿ, ಮಲ ಕಪ್ಪಗಾಯ್ತು, ಆಮೇಲೆ ಮೂರು ದಿನ ಕಕ್ಕಸ್ಸಿಗೇ ಹೋಗಲಿಲ್ಲ. ಊರಿಂದ ಅತ್ತೆ ಫೋನಲ್ಲಿ "ಆ ಗುಳಿಗಿ ತಗೊಂಡ್ರ ಕೂಸು ದಪ್ಪ ಆಗಿ ಹೆರಿಗಿ ಕಷ್ಟ ಆಗ್ತದ, ಬಿಡು" ಅಂದ್ರು. ಬಿಟ್ಲು. ಎರಡು ತಿಂಗಳು ಯಾರೂ ಕೇಳಲಿಲ್ಲ, ಯಾಕಂದ್ರೆ ಕೇಳೋರ ಮುಂದೆ ಅವಳು ಹೋಗಲೇ ಇಲ್ಲ. ರಾತ್ರಿ ಊಟ ಆದ್ಮೇಲೆ ತಗೋ, ಕ್ಯಾಲ್ಸಿಯಂ ಜೊತೆ ತಗೋಬೇಡ, ಟೀ ಕುಡಿದ ಹೊತ್ತಲ್ಲಿ ಬೇಡ, ನಿಂಬೆಹಣ್ಣಿನ ಪಾನಕ ಕುಡಿ, ಮಲ ಕಪ್ಪಗಾಗೋದು ಮಾಮೂಲಿ ಅಂತ ಎರಡು ನಿಮಿಷ ಯಾರಾದ್ರೂ ಹೇಳಿದ್ರೆ ಸಾಕಿತ್ತು, ನಂಗೂ ಇದೆಲ್ಲಾ ಆಮೇಲೆ ಆಸ್ಪತ್ರೇಲಿ ನರ್ಸಮ್ಮ ಹೇಳಿದ ಮೇಲೇ ಗೊತ್ತಾಗಿದ್ದು. ಅವಳು ದಿನಕ್ಕೆ ಐದು ಸಲ ಟೀ ಕುಡೀತಿದ್ಲು, ಮಾಡಿಕೊಡ್ತಿದ್ದವಳು ನಾನೇ.

ನಮ್ಮದೂ ತಪ್ಪಿದೆ, ಮುಚ್ಚಿಡಲ್ಲ. ಡಿಸೆಂಬರ್ ಮೊದಲನೇ ವಾರ ವಠಾರದೋರೆಲ್ಲಾ ಸೇರಿ ಅವಳಿಗೆ ಸೀಮಂತ ಮಾಡಿದ್ವಿ, ಅವರ ಕಡೆ ಕುಬಸ ಅಂತಾರೆ. ಹಸಿರು ಬಳೆ ತೊಡಿಸಿದ್ವಿ, ಒಬ್ಬೊಬ್ಬರು ಒಂದೊಂದು ಥರ ಅನ್ನ ಮಾಡ್ಕೊಂಡು ಬಂದ್ವಿ, ಪುಳಿಯೋಗರೆ, ಕಾಯಿ ಅನ್ನ, ಬೆಲ್ಲದನ್ನ, ಮೊಸರನ್ನ. ಗಂಡೋ ಹೆಣ್ಣೋ ಅಂತ ಹೊಟ್ಟೆ ನೋಡಿ ಪಂದ್ಯ ಕಟ್ಟಿದ್ವಿ. ಮುಖ ಸುಣ್ಣದ ಥರ ಬಿಳುಚ್ಕೊಂಡಿದ್ರೆ ನಮ್ಮ ಎದುರುಮನೆ ಅಜ್ಜಿ "ಎಷ್ಟು ಬೆಳ್ಳಗಾಗಿದಾಳೆ ನೋಡೇ, ಕಳೆ ಬಂದಿದೆ" ಅಂದ್ರು, ನಾವೆಲ್ಲಾ ಹೂಂ ಅಂದ್ವಿ. ಹಿಮೋಗ್ಲೋಬಿನ್ ಎಷ್ಟಮ್ಮ ನಿಂದು ಅಂತ ಒಬ್ಬರೂ ಕೇಳಲಿಲ್ಲ.

ಡಿಸೆಂಬರ್ 9 ಮಂಗಳವಾರ. ಆವತ್ತು ಅವಳು ಅತ್ತು ಕರೆದು ಗೇಟ್ ಪಾಸ್ ತಗೊಂಡು ಹೋದ್ಲು. 7.2. ಡಾಕ್ಟ್ರಿಗೆ ಗಾಬರಿ. 7ರ ಕೆಳಗೆ ಹೋದ್ರೆ ತೀವ್ರ ರಕ್ತಹೀನತೆ, ಹೆರಿಗೇಲಿ ಬೇರೆಯವರಿಗೆ ಸುಧಾರಿಸ್ಕೊಳ್ಳೋ ಅಷ್ಟು ರಕ್ತ ಹೋದ್ರೂ ಇವಳು ತಡೆಯಲ್ಲ ಅಂದ್ರು. ಐರನ್ ಡ್ರಿಪ್ ಹಾಕ್ಬೇಕು, ದಿನ ಬಿಟ್ಟು ದಿನ ಐದು ಸಲ ಬಾ ಅಂದ್ರು. ಐದು ಸಲ! ತಿಂಗಳಿಗೊಂದಿನ ಸಿಗದೇ ಇದ್ದೋಳಿಗೆ. ಎರಡು ಹಾಕಿಸ್ಕೊಂಡ್ಲು, ಮೂರನೇದಕ್ಕೆ ಹೋಗಲಿಲ್ಲ, ಹೆರಿಗೆ ರಜೆ ಶುರುವಾದ ಮೇಲೆ ಊರಲ್ಲಿ ಹಾಕಿಸ್ಕೋತೀನಿ ಅಂದ್ಲು. ಸಂಕ್ರಾಂತಿ ಮುಗಿಸ್ಕೊಂಡು ಯಾದಗಿರಿಗೆ ಟ್ರೈನ್ ಟಿಕೆಟ್ ಬುಕ್ ಆಗಿತ್ತು.

ಇನ್ನೊಂದು ವಿಷಯ, ಗಂಡಸರು ಮುಖ ಕಿವುಚಿದ್ರೂ ಪರವಾಗಿಲ್ಲ ಹೇಳ್ತೀನಿ. ಲೈನಲ್ಲಿ ಕೂತೋರು ನೀರು ಕುಡಿಯಲ್ಲ. ಕುಡಿದ್ರೆ ಒಂದಕ್ಕೆ ಹೋಗ್ಬೇಕು, ಹೋದ್ರೆ ಪೀಸ್ ಗುಡ್ಡೆ ಬೀಳುತ್ತೆ, ಗುಡ್ಡೆ ಬಿದ್ರೆ ಮೈಕಲ್ಲಿ ಹೆಸರು ಕೂಗ್ತಾರೆ. ನಾನೂ 14 ವರ್ಷ ಹಾಗೇ ಕಟ್ಕೊಂಡು ಕೂತಿದ್ದವಳೇ. ಬಸುರೀಲಿ ಹೀಗೆ ಕಟ್ಕೊಂಡ್ರೆ ಉರಿಮೂತ್ರ ಆಗುತ್ತೆ, ಇನ್ಫೆಕ್ಷನ್ ಮೇಲಕ್ಕೆ ಹತ್ತಿದ್ರೆ ಚಳಿಜ್ವರ, ಅದರ ಹಿಂದೇನೇ ಅವಧಿಗೆ ಮುಂಚೆ ನೋವು ಬರಬಹುದು. ಚೆಕಪ್ಪಿಗೆ ಹೋದಾಗೆಲ್ಲಾ ಒಂದು ಚಿಕ್ಕ ಡಬ್ಬೀಲಿ ಯೂರಿನ್ ಕೇಳ್ತಾರಲ್ಲ, ಅದು ಇದಕ್ಕೇನೇ, ಸಕ್ಕರೆ ಇದೆಯಾ, ಪ್ರೋಟೀನ್ ಹೋಗ್ತಿದೆಯಾ, ಇನ್ಫೆಕ್ಷನ್ ಇದೆಯಾ ಅಂತ. ಒಂದು ಪಟ್ಟಿ ಅದ್ದಿ ನೋಡೋದು, ಅಷ್ಟೇ ಕೆಲಸ.

ಜನವರಿ 13ರ ರಾತ್ರಿ ಅವಳಿಗೆ ಚಳಿಜ್ವರ, ಸೊಂಟನೋವು. 34 ವಾರ ಇನ್ನೂ, 37 ಆಗ್ಬೇಕು ದಿನ ತುಂಬೋಕೆ. 108ಕ್ಕೆ ಫೋನ್ ಮಾಡಿದ್ವಿ, ಬಂತು, ಸುಳ್ಳು ಹೇಳಬಾರದು ಬೇಗನೇ ಬಂತು. ಮೊದಲನೇ ಆಸ್ಪತ್ರೇಲಿ ಹೆರಿಗೆ ಮಾಡಿಸ್ತೀವಿ ಆದ್ರೆ ಮಗುಗೆ ಎನ್‌ಐಸಿಯು, ಅಂದ್ರೆ ಎಳೆ ಕೂಸುಗಳ ಐಸಿಯು, ಇಲ್ಲ ಅಂದ್ರು. ಎರಡನೇದ್ರಲ್ಲಿ ಇದೆ ಆದ್ರೆ ಬೆಡ್ ಖಾಲಿ ಇಲ್ಲ. ಮೂರನೇದು ದೊಡ್ಡ ಆಸ್ಪತ್ರೆ, ಅಲ್ಲಿ ತಗೊಂಡ್ರು. ಅಷ್ಟರಲ್ಲಿ ಬೆಳಗಿನ ಜಾವ ನಾಲ್ಕು. ಆಧಾರ್ ಯಾದಗಿರಿದು, ತಾಯಿ ಕಾರ್ಡ್ ಬೆಂಗಳೂರಿದು, ಕೌಂಟರಲ್ಲಿ ಅದಕ್ಕೊಂದು ಪ್ರಶ್ನೆ. ನಂಗೆ ಎದೆ ಡವಡವ ಅಂತಿತ್ತು, ಯಾಕಂದ್ರೆ 2022ರ ನವೆಂಬರಲ್ಲಿ ತುಮಕೂರಲ್ಲಿ ಏನಾಯ್ತು ಅಂತ ಯಾರೂ ಮರೆತಿಲ್ಲ, ಕಾರ್ಡ್ ಇಲ್ಲ ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ ಹೆಂಗಸು ಮನೇಲೇ ಹೆತ್ತು, ತಾಯಿನೂ ಉಳೀಲಿಲ್ಲ, ಅವಳಿ ಮಕ್ಕಳೂ ಉಳೀಲಿಲ್ಲ. ಎಮರ್ಜೆನ್ಸೀಲಿ ದಾಖಲೆ ಕೇಳಬಾರದು ಅಂತ ಆಮೇಲೆ ಸರ್ಕಾರ ಹೇಳ್ತು. ನಮ್ಮನ್ನ ವಾಪಸ್ ಕಳಿಸಲಿಲ್ಲ, ಆದ್ರೆ ಆ ಹತ್ತು ನಿಮಿಷ ನಂಗೆ ಈಗ್ಲೂ ಕನಸಲ್ಲಿ ಬರುತ್ತೆ.

ಹೆಣ್ಣು ಮಗು. ಒಂದು ಕೆಜಿ 850 ಗ್ರಾಂ. ಎರಡೂವರೆ ಕೆಜಿ ಇರ್ಬೇಕಾಗಿದ್ದ ಕಡೆ. ತಾಯಿಗೆ ಎರಡು ಬಾಟ್ಲು ರಕ್ತ ಏರಿಸಿದ್ರು. ಮಗು 17 ದಿನ ಆಸ್ಪತ್ರೇಲಿತ್ತು. ಸ್ವಲ್ಪ ಸುಧಾರಿಸಿದ ಮೇಲೆ ಕಾಂಗರೂ ಥರ ಎದೆಗೆ ಅವಚಿ ಇಟ್ಕೊಳ್ಳಿ ಅಂದ್ರು, ಬಟ್ಟೆ ಇಲ್ಲದೆ ಮೈಗೆ ಮೈ ತಾಗೋ ಹಾಗೆ, ಗಂಟೆಗಟ್ಟಲೆ. ತಾಯಿ ಸುಸ್ತಾದಾಗ ಅಪ್ಪ. ಆ ಹುಡುಗ ಸಿಮೆಂಟ್ ಕಲಸಿ ಕಲಸಿ ಕೈ ಎಲ್ಲಾ ಬಿರುಕು, ಮಗುಗೆ ಗೀಚುತ್ತೆ ಅಂತ ಕೈ ತಾಗಿಸೋಕೆ ಹೆದರಿ ಬರೀ ಎದೆ ಮೇಲೆ ಮಲಗಿಸ್ಕೊಂಡು ಉಸಿರು ಹಿಡಿದು ಕೂತಿರ್ತಿದ್ದ, ನರ್ಸಮ್ಮ ಬಂದು ಉಸಿರಾಡಪ್ಪ ಉಸಿರಾಡು ಅಂತ ನಗೋರು. ಅಲ್ಲಿ ಕೆಲಸ ಮಾಡೋ ಆ ನರ್ಸುಗಳಿಗೆ, ಡಾಕ್ಟ್ರಿಗೆ ಎಷ್ಟು ಕೈ ಮುಗಿದ್ರೂ ಸಾಲದು. ಯುಗಾದಿ ಕಳೀತು, ಮಗು ಈಗ ಮೂರು ಕೆಜಿ ದಾಟಿದೆ, ರಾತ್ರಿ ಎಲ್ಲಾ ವಠಾರ ಎಬ್ಬಿಸುತ್ತೆ, ಅಳಲಿ ಬಿಡಿ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, ನೀವು ಮೀಟಿಂಗಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಆಗ್ತಿದೆ ಅಂತ ಖುಷಿಯಾಗಿ ಹೇಳ್ಕೋತೀರ. ಕರ್ನಾಟಕದ ಲೆಕ್ಕ ಅದು, ನಿಜಾನೇ, ಒಂದು ಕಾಲಕ್ಕೆ ಹೋಲಿಸಿದ್ರೆ ದೊಡ್ಡ ವಿಷಯಾನೇ, ನಮ್ಮಜ್ಜಿ ಹನ್ನೊಂದು ಹೆತ್ತು ಆರು ಉಳಿಸ್ಕೊಂಡ್ರು ಅದೂ ಮನೇಲಿ. ಆದ್ರೆ ಅದೇ ಸಮೀಕ್ಷೇಲಿ ರಾಜ್ಯದ ನೂರು ಬಸುರಿಯರಲ್ಲಿ ಹತ್ರ ಹತ್ರ 46 ಜನಕ್ಕೆ ರಕ್ತ ಕಮ್ಮಿ. 2018ರಿಂದ 20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೇಲಿ ಸಾಯೋ ತಾಯಂದಿರು ಕೇರಳದಲ್ಲಿ 19, ತಮಿಳುನಾಡಲ್ಲಿ 54, ನಮ್ಮಲ್ಲಿ 69. ಅಕ್ಕಪಕ್ಕದ ನಾಲ್ಕು ದಕ್ಷಿಣದ ರಾಜ್ಯಕ್ಕಿಂತ ನಮ್ಮದೇ ಜಾಸ್ತಿ. ಅಂದ್ರೆ ಹೆರಿಗೆ ದಿನ ಆಸ್ಪತ್ರೆ ಬಾಗಿಲಿಗೆ ಎಲ್ಲರೂ ಬಂದೇ ಬರ್ತಾರೆ, ಅದಕ್ಕೆ ಹಿಂದಿನ ಎಂಟು ತಿಂಗಳು ಯಾವ ಸ್ಥಿತೀಲಿ ಕಳೆದು ಬರ್ತಾರೆ ಅನ್ನೋದೇ ಪ್ರಶ್ನೆ.

ಈಗ ಕೇಳೋದು. ನಂಗೆ ಹೊಸ ಸ್ಕೀಮ್ ಬೇಡ, ಹೊಸ ಹೆಸರು ಬೇಡ, ಯಾರ ಫೋಟೋ ಇರೋ ಕಿಟ್ಟೂ ಬೇಡ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರೋಡು, ಈ ಥರ ಫ್ಯಾಕ್ಟರಿ ಇರೋ ಕಡೆ ತಿಂಗಳಿಗೆ ಒಂದು ಭಾನುವಾರ ಬಸುರಿಯರ ಚೆಕಪ್ ಇಡಿ, ವಾರಕ್ಕೆ ಎರಡು ದಿನ ಸಂಜೆ ಎಂಟರ ತನಕ ಕ್ಲಿನಿಕ್ ತೆಗೀರಿ. ಸಿಬ್ಬಂದಿ ಭಾನುವಾರ ಬರಲ್ಲ ಅಂತ ಹೇಳಬೇಡಿ ಸಾರ್, ಪಲ್ಸ್ ಪೋಲಿಯೋ ಯಾವ ದಿನ ಹಾಕ್ತೀರ? ಭಾನುವಾರ! 2024ರಲ್ಲಿ ಮಾರ್ಚ್ 3, ಭಾನುವಾರಾನೇ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ, ರೈಲ್ವೆ ಸ್ಟೇಷನಲ್ಲಿ ಟೇಬಲ್ ಹಾಕ್ಕೊಂಡು ಕೂತು, ಓಡೋ ಮಗೂನ ಹಿಡಿದು ಎರಡು ಹನಿ ಹಾಕಿದ್ರಿ. ಅಪ್ಪ ಅಮ್ಮ ಮನೇಲಿರೋ ದಿನ ಯಾವುದು ಅಂತ ಲೆಕ್ಕ ಹಾಕಿ ಮಾಡಿದ್ರಿ, ಅದಕ್ಕೇ 2014ಕ್ಕೆ ಪೋಲಿಯೋ ಇಲ್ಲ ಅಂತ ಸರ್ಟಿಫಿಕೇಟ್ ಬಂತು. ಆ ಲೆಕ್ಕ ಹುಟ್ಟಿದ ಮಗುಗೆ ಮಾತ್ರ ಯಾಕೆ?

ಆದ್ರೆ ಒಂದು ಕಂಡೀಷನ್. ಆಶಾಗಳನ್ನ, ನರ್ಸುಗಳನ್ನ ಭಾನುವಾರ ಬಿಟ್ಟಿ ದುಡಿಸಬೇಡಿ. 2025ರ ಜನವರೀಲಿ ಫ್ರೀಡಂ ಪಾರ್ಕಲ್ಲಿ ಗೌರವಧನಕ್ಕೋಸ್ಕರ ಚಳೀಲಿ ಕೂತಿದ್ರು ಆಶಾಗಳು, ಅವರೂ ಹೆಂಗಸರೇ, ಅವರ ಮನೇಲೂ ಮಕ್ಕಳಿದಾರೆ. ಭಾನುವಾರ ಬಂದೋರಿಗೆ ವಾರದ ಮಧ್ಯ ರಜೆ ಕೊಡಿ, ಸಂಜೆ ಡ್ಯೂಟಿಗೆ ದುಡ್ಡು ಕೊಡಿ. ಇದು ಕೊಡೋಕಾಗಲ್ಲ ಅಂದ್ರೆ ನನ್ನ ಪತ್ರ ಹರಿದು ಹಾಕಿ, ಒಬ್ಬಳ ಹೊಟ್ಟೆ ತುಂಬ್ಸೋಕೆ ಇನ್ನೊಬ್ಬಳ ಹೊಟ್ಟೆ ಮೇಲೆ ಹೊಡೀಬೇಡಿ.

ಕಾರ್ಮಿಕ ಇಲಾಖೆಯವರೇ, ನಿಮಗೆ ಎರಡೇ ಮಾತು. ಹೆರಿಗೆ ರಜೆ 2017ರಲ್ಲಿ ಕೇಂದ್ರ ಸರ್ಕಾರ 26 ವಾರ ಮಾಡ್ತು, ಅದು ನಿಜವಾಗ್ಲೂ ದೊಡ್ಡ ಉಪಕಾರ. ಆ ರಜೆ ಶುರುವಾಗೋಕೆ ಮುಂಚೆ ಚೆಕಪ್ಪಿಗೆ ಕಮ್ಮಿ ಅಂದ್ರೂ ನಾಲ್ಕು ಅರ್ಧ ದಿನ, ಸಂಬಳ ಕಟ್ ಮಾಡದೆ, ಅಟೆಂಡೆನ್ಸ್ ಬೋನಸ್ ಮುಟ್ಟದೆ ಬಿಡಿ ಅಂತ ಫ್ಯಾಕ್ಟರಿಗಳಿಗೆ ಒಂದು ಆರ್ಡರ್ ಹಾಕಿ. ನಮ್ಮ ಲೈನಲ್ಲಿ 14 ವರ್ಷದಲ್ಲಿ ಯಾರಿಗೂ ಹಾಗೆ ಕೊಟ್ಟಿದ್ದು ನಾನು ನೋಡಲಿಲ್ಲ. ಆಗಲ್ಲ ಅನ್ನಬೇಡಿ, ಪಿಎಫ್ ರೂಲ್ ಬದಲಾಯಿಸಿದ್ದಕ್ಕೆ 2016ರ ಏಪ್ರಿಲಲ್ಲಿ ನಾವು ಹೆಂಗಸರೆಲ್ಲಾ ಮಿಷಿನ್ ಬಿಟ್ಟು ರೋಡಿಗೆ ಬಂದ್ವಿ, ನಾನೂ ಇದ್ದೆ ಅವತ್ತು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ರೂಲ್ ವಾಪಸ್ ತಗೊಂಡ್ತು. ಮನಸ್ಸು ಮಾಡಿದ್ರೆ ಎರಡು ದಿನದ ಕೆಲಸ ಅಂತ ನಮಗೆ ಅವತ್ತೇ ಗೊತ್ತಾಗಿದೆ.

ಇಲ್ಲ ಅಂದ್ರೆ ನೀವೇ ಒಳಗೆ ಬನ್ನಿ. ಊಟದ ಟೈಮಲ್ಲಿ ಫ್ಯಾಕ್ಟರಿ ಕ್ಯಾಂಟೀನಿಗೆ ತಿಂಗಳಿಗೊಂದಿನ ಒಬ್ಬ ನರ್ಸ್, ಒಂದು ಬಿಪಿ ಮಿಷಿನ್, ಬೆರಳು ಚುಚ್ಚಿ ರಕ್ತ ನೋಡೋ ಒಂದು ಮೀಟರ್, ಯೂರಿನ್ ಪಟ್ಟಿ. ತಲೆನೋವು, ಕಣ್ಣು ಮಂಜು, ಕೈ ಮುಖ ಊತ ಇದ್ರೆ ಸಹಜ ಅಂತ ಕೂತಿರ್ತಾರೆ ನಮ್ಮವರು, ಬಿಪಿ 140 ದಾಟಿದೆ ಅಂತ ಯಾರಾದ್ರೂ ಕೈಗೆ ಪಟ್ಟಿ ಕಟ್ಟಿ ನೋಡಿದ್ರೆ ತಾನೇ ಗೊತ್ತಾಗೋದು.

ಆಮೇಲೆ ಆ ತಾಯಿ ಕಾರ್ಡು. ಬೆಂಗಳೂರಲ್ಲಿ ಕೆಲಸ ಮಾಡೋ ಅರ್ಧ ಹುಡುಗಿಯರು ಏಳೋ ಎಂಟೋ ತಿಂಗಳಿಗೆ ತವರಿಗೆ ಹೋಗ್ತಾರೆ, ರಾಯಚೂರು, ಕೊಪ್ಪಳ, ಮಂಡ್ಯ, ಎಲ್ಲಿಗಾದ್ರೂ. ಅಲ್ಲಿನ ಡಾಕ್ಟ್ರಿಗೆ ಸಿಗೋದು ಆ ಕಾರ್ಡೊಂದೇ. ನಮ್ಮವಳ ಕಾರ್ಡ್ ತೆಗೆದು ನೋಡ್ದೆ, ನಾಲ್ಕು ಕಾಲಮ್ಮಲ್ಲಿ ಎರಡು ಖಾಲಿ, ತುಂಬಿರೋದ್ರಲ್ಲಿ ಒಂದು ಓದೋಕಾಗಲ್ಲ. ದಯವಿಟ್ಟು ಓದೋ ಹಾಗೆ ಬರೀರಿ, ಮುಂದೆ ಯಾವತ್ತು ಬರ್ಬೇಕು ಅಂತ ಕನ್ನಡದಲ್ಲಿ ಬರೀರಿ.

ವಠಾರದಲ್ಲಿ ಮೂಲೆ ಮನೆ ಹುಡುಗಿಗೆ ಈಗ ಎರಡು ತಿಂಗಳು. ಅವಳೂ ಗಾರ್ಮೆಂಟ್ಸೇ. ಈ ಸಲ ನಾನು ಬಿಡಲಿಲ್ಲ, ಹೆಸರು ಬರೆಸಿ ಆಯ್ತು, ರಾತ್ರಿ ಊಟ ಆದ್ಮೇಲೆ ಮಾತ್ರೆ ನುಂಗೋ ತನಕ ಅವಳ ಬಾಗಿಲಲ್ಲೇ ನಿಂತಿರ್ತೀನಿ, ಅವಳ ಗಂಡನಿಗೆ ನನ್ನ ಕಂಡ್ರೆ ಈಗ ಆಗಲ್ಲ. ಕ್ಯಾಲೆಂಡರ್ ನೋಡಿ ಇಟ್ಕೊಂಡಿದೀನಿ, 2026ರಲ್ಲಿ ಮುಂದೆ 9ನೇ ತಾರೀಕು ಭಾನುವಾರ ಬರೋದು ಆಗಸ್ಟಲ್ಲಿ. ಅವಳಿಗೆ ಆಗ ಆರು ತಿಂಗಳು, ಶುಗರ್ ಟೆಸ್ಟ್ ಟೈಮು. ಆವತ್ತು ಬೆಳಗ್ಗೆ ಒಂಬತ್ತಕ್ಕೆ ನಾವಿಬ್ಬರು ಗೇಟ್ ಹತ್ರ ಇರ್ತೀವಿ, ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಅಷ್ಟರೊಳಗೆ ತಿಳಿಸಿ.

ಇಂತಿ,
ಪೀಣ್ಯ ಕಡೆಯ ಒಬ್ಬ ಟೈಲರ್